ಮುತ್ತಿನ ಭಸ್ಮ

ಅತ್ತೆಯನ್ನು ನೋಡಲು ಮನೆಗೆ ಬಂದಿದ್ದ ವೈದ್ಯ ಕೊಟ್ಟ ‘ಮುತ್ತಿನ ಭಸ್ಮ’ವನ್ನು ವಿಶಾಖಾ ನೀರಿಗೆ ಹಾಕಿದಳು. ಪುಡಿಯೆಲ್ಲ ಕರಗಿಹೋಯಿತು. ಮುತ್ತಿನ ಭಸ್ಮ ನೀರಿನಲ್ಲಿ ಕರಗುವುದಿಲ್ಲವೆಂದು ಭಾಲ್ಕಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವಳಿಗೆ ಗೊತ್ತಿತ್ತು. ಮೇಲೆ ಲಿಂಬೆ ಹಿಂಡಿದಳು. ಬುಸ್ಸೆಂದು ನೊರೆಯುಕ್ಕಿತು.

“ಭಜಿಗಿ ಹಾಕೋ ಸೋಡಾ ಅದರಿ ಇದು. ಸಕ್ಕರಿ ಬ್ಯಾನಿಗಿ ಇದನ್ನ ಮಾರ್ಲಾಕ ನಾಚ್ಕಿ ಬರಲ್ಲೇನ್ರಿ?”

ವೈದ್ಯ ಅಳುಕಲಿಲ್ಲ. “ನೋಡ್ರಿ, ಔಷಧಕ್ಕ ಜೀವ ಅದ!” ಅಂದ.

ಬಿ.ಎಸ್ಸಿ. ಓದಿದ ಗಂಡ ರತ್ನದೀಪ ಆ ನೊರೆಗೆ ಕೈಮುಗಿದ. ವಿಶಾಖಾಳಿಗೆ ವೈದ್ಯನಿಗಿಂತ ಇವನನ್ನು ಕಂಡೇ ಹೆಚ್ಚು ಹೇಸಿಗೆಯಾಯಿತು. ಮಂಚದ ಮೇಲೆ ಬಸವಳಿದು ಕೂತಿದ್ದ ಅತ್ತೆಯ ಕಡೆ ತಿರುಗಿದಳು.

“ಅತ್ತಿ, ನಿಮ್ಮ ಶುಗರ್ ಗುಳಿಗಿ ಎಲ್ಲಿ ಅವರಿ?”

ಶೇವಂತಾಬಾಯಿ ಮಗನನ್ನು ನೋಡಿದಳು. “ಇಂವಾ ಗಟಾರಕ್ಕ ಚೆಲ್ಲ್ಯಾನವ್ವ.”

ವಿಶಾಖಾ ಅತ್ತೆಯನ್ನು ಎಬ್ಬಿಸಿಕೊಂಡು ದವಾಖಾನೆಗೆ ಹೊರಟಳು. ಗಂಡನನ್ನು ಬಯ್ಯುವುದೂ ದಂಡವೆನಿಸಿತು.