ರೇಷ್ಮೆ ಜೋಡು

ಎಲ್ವೀರಾ ಚಿಲಕ ತೆಗೆದು ಗಂಜಿಯ ಬಟ್ಟಲು ಹಿಡಿದು ಒಳಗೆ ಬಂದಾಗ ಅಕ್ಕ ತಲೆಯೆತ್ತಲಿಲ್ಲ. ಸೂಜಿ ಮಾತ್ರ ಒಂದು ಗಳಿಗೆ ನಿಂತಿತು.

"ಸಿಕ್ತಾ?"

"ಸಿಗದೆ ಏನು? ಗುಡಿಯ ಆರನೇ ಅತ್ತೆ ಬೈಕೊಂಡೇ ಕೊಟ್ಳು." ಎಲ್ವೀರಾ ಸೆರಗಿನಂತೆ ಸುತ್ತಿಕೊಂಡಿದ್ದ ಶಾಲಿನೊಳಗಿಂದ ಮರದ ಬಾಚಣಿಗೆಯೊಂದನ್ನು ತೆಗೆದಳು.

ಅಕ್ಕ ಯೂಕ್ ಲಾನ್ ಈ ಕೋಣೆಯಲ್ಲಿ ಬಂದಿಯಾಗಿ ಒಂಬತ್ತು ದಿನ. "ನಾನು ಒಲ್ಲೆ" ಎಂದ ಕೂಡಲೇ ಅಪ್ಪ ಹೊರಗಿನಿಂದ ಚಿಲಕ ಹಾಕಿದ್ದ. ದೂರದ ಪಿಯುರಾ ಊರಿನ ಚೋಯ್ ಸಾಹುಕಾರನಿಗೆ ಅವನು ಮಾತು ಕೊಟ್ಟಾಗಿತ್ತು: ಶುಕ್ರವಾರ ಮಧ್ಯಾಹ್ನ ಲಿಯೊಂಗ್ ಮನೆಯ ಹೆಣ್ಣು ಹಡಗು ಹತ್ತುತ್ತಾಳೆ. ಚೋಯ್‌ಗೆ ಐವತ್ತೆಂಟು. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದ್ದ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಮರಳಂತೆ. ಮನೆಯ ಹೆಂಗಸರು ಅಂಗಡಿಯ ಹಿತ್ತಿಲು ದಾಟುವಂತಿಲ್ಲವಂತೆ.

ಅಕ್ಕ ಹೊಲಿಗೆಗೆ ಕೂತಿದ್ದಳು. ಮದುವೆಯ ಜೋಡನ್ನು ಮದುವಣಗಿತ್ತಿಯೇ ಹೊಲಿಯಬೇಕು. ಚಿಲಕ ಬಿದ್ದ ಮೊದಲ ದಿನವೇ ಬಟ್ಟೆಯ ಪದರಗಳನ್ನು ಅಂಟಿಸಿ, ಒಣಗಿಸಿ, ಅಟ್ಟೆ ಕತ್ತರಿಸಿದ್ದಳು. ಈಗ ಕೆಂಪು ರೇಷ್ಮೆಯ ಮೇಲೆ ಜೋಡಿ ಬಾತುಗಳು ಮೂಡುತ್ತಿದ್ದವು.

ಒಬ್ಬಳು ಕೊಳದ ನೀರು, ಒಬ್ಬಳು ಕುದಿಯುವ ಎಣ್ಣೆ ಎಂದು ಲೀಮಾದ ಕಪೋನ್ ಬೀದಿಯವರು ಈ ಅಕ್ಕತಂಗಿಯರನ್ನು ಆಡಿಕೊಳ್ಳುತ್ತಿದ್ದರು. ಅಕ್ಕ ಹತ್ತು ವರ್ಷದವಳಾಗಿ ಹಳೆಯ ಊರಿಂದ ಕಡಲು ದಾಟಿ ಬಂದವಳು. ಅಲ್ಲಿಯವರೆಗೆ ಬರಿಗಾಲಲ್ಲಿ ಗದ್ದೆಗೆ ನೀರು ಹೊತ್ತು ಅವಳ ಪಾದ ಅಗಲವಾಗಿ ಹರಡಿಕೊಂಡಿತ್ತು. ಅಪ್ಪನ ಹಳೆಯ ಮೆಟ್ಟೇ ಅವಳಿಗೆ ಸರಿಹೋಗುತ್ತಿತ್ತು. ತಂಗಿ ಇಲ್ಲೇ ಹುಟ್ಟಿದವಳು. ಅವಳನ್ನು ಹೆತ್ತು ಅಮ್ಮ ಹೋದಳು; ಎತ್ತಿ ಬೆಳೆಸಿದ್ದು ಅಕ್ಕ. ಹದಿನೆಂಟಕ್ಕೆಲ್ಲ ತಂಗಿ ಸಂತೆಯಲ್ಲಿ ಸ್ಪ್ಯಾನಿಷ್‌ನಲ್ಲಿ ಜಗಳವಾಡಿ ಗೆದ್ದು ಬರುತ್ತಿದ್ದಳು.

ಉಪಾಯವೂ ತಂಗಿಯದೇ. ಮೂರನೆಯ ದಿನ ಅಕ್ಕ ಆರನೇ ಅತ್ತೆಯ ಕಥೆ ತೆಗೆದು ನಿಟ್ಟುಸಿರಿಟ್ಟಾಗ ಹೊಳೆದದ್ದು. ಹಳೆಯ ಊರಿನ ಕಟ್ಟಳೆ ಅದು. ಮದುವಣಗಿತ್ತಿಯ ತಲೆಯನ್ನು ಇನ್ನೊಬ್ಬರು ಬಾಚುತ್ತಾರೆ. ಆದರೆ ಕುನ್ ಯಾಮ್ ದೇವಿಯ ಮುಂದೆ ತನ್ನ ಕೂದಲನ್ನು ತಾನೇ ಬಾಚಿ, ತುರುಬು ಕಟ್ಟಿ, ಆಣೆ ಇಟ್ಟವಳು ಕೊನೆಯವರೆಗೂ ತನ್ನವಳೇ. ಅವಳನ್ನು ಯಾವ ಅಪ್ಪನೂ ಧಾರೆ ಎರೆಯುವಂತಿಲ್ಲ. ಎರೆದರೆ ಕೊಟ್ಟ ಮನೆಯೂ ಕೊಂಡ ಮನೆಯೂ ಬೂದಿ. ದೇವಿಯ ಗುಡಿ ಗುಡಿಸುವ ಆರನೇ ಅತ್ತೆ ನಲವತ್ತು ವರ್ಷದಿಂದ ಅಂಥ ತುರುಬಿನವಳು.

"ಹೋಗಲ್ವಲ್ಲ ನೀನು, ಇನ್ನೂ ಯಾಕೆ ಹೊಲೀತೀಯಾ?"

"ಕೈ ನಿಂತ್ರೆ ಅಪ್ಪನಿಗೆ ಅನುಮಾನ ಬರುತ್ತೆ ಕೂಸೆ."

"ನನ್ನ ಪುಣ್ಯ, ನನಗೆ ಈ ಕಾಟ ಇಲ್ಲ. ಹಳೇ ಊರಿನ ಮಾತು ಅರ್ಧ ಬರುತ್ತೆ, ನಾಲಿಗೆ ಮಾತ್ರ ಒಂದೂವರೆ. ನನ್ನನ್ನ ಯಾವನು ಕಟ್ಕೋತಾನೆ?"

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು. "ಹಾಗೆಲ್ಲ ಅನ್ಬಾರದು."

ಶುಕ್ರವಾರ ಬೆಳಿಗ್ಗೆ ಅಪ್ಪ ಬಂದರಿಗೆ ಹೋಗುವ ಗಾಡಿ ಗೊತ್ತು ಮಾಡಲು ಹೊರಟ. ಅವನ ಹೆಜ್ಜೆ ಬೀದಿಯ ಮಂಜಿನಲ್ಲಿ ಕರಗುತ್ತಲೇ ಎಲ್ವೀರಾ ಚಿಲಕ ಸರಿಸಿದಳು.

"ನಾನು ಬರೋವರೆಗೂ ನೀನು ಒಳಗಿರು," ಅಂದಳು ಅಕ್ಕ. "ಅಪ್ಪ ಬೇಗ ಬಂದ್ರೆ ಕೋಣೆ ಖಾಲಿ ಅನ್ನಿಸಬಾರದು. ಬೆನ್ನು ಹಾಕಿ ಕೂತ್ಕೋ, ಆಗಾಗ ಕೆಮ್ಮು. ಬಾ ಇಲ್ಲಿ, ತಲೆ ಬಾಚ್ತೀನಿ. ಕಿಂಡಿಯಿಂದ ನೋಡಿದ್ರೆ ನಾನೇ ಅನ್ನಿಸ್ಬೇಕು."

ಚಿಕ್ಕಂದಿನಲ್ಲಿ ಕಥೆ ಹೇಳುತ್ತಾ ಬಾಚುತ್ತಿದ್ದ ಅದೇ ಕೈ. ಬೈತಲೆಯಿಂದ ತುದಿಯವರೆಗೆ ನಿಧಾನ, ಸಿಕ್ಕಿಲ್ಲದಂತೆ. ಎಲ್ವೀರಾಳಿಗೆ ಕಣ್ಣು ತುಂಬಿತು. ಆಮೇಲೆ ಅಕ್ಕ ಬಾಚಣಿಗೆಯನ್ನು ತೊಳೆದು, ಒರೆಸಿ, ಮಡಿಲಲ್ಲಿಟ್ಟುಕೊಂಡು ಹೊರಟಳು. ಹೊರಗಿನಿಂದ ಚಿಲಕ ಬಿತ್ತು.

ಎಲ್ವೀರಾ ಕೂತಳು. ಕೆಮ್ಮಿದಳು. ಗೋಡೆಗಳು ಇಷ್ಟು ಹತ್ತಿರ ಇವೆಯೆಂದು ಒಂಬತ್ತು ದಿನವೂ ಅವಳಿಗೆ ತೋಚಿರಲಿಲ್ಲ. ಅಪ್ಪ ಬಂದ, ಕಿಂಡಿಯಲ್ಲಿ ಇಣುಕಿದ, ಸರಿದ. ಅವಳು ಉಸಿರು ಬಿಟ್ಟಳು.

ಗುಡಿಯ ಗಂಟೆ ಮೊಳಗಿತು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಅಕ್ಕನ ಹೆಜ್ಜೆ. ಅಪ್ಪನ ಕೈಯ ಬಟ್ಟಲು ನೆಲಕ್ಕೆ ಬಿದ್ದು ಚೂರಾದ ಸದ್ದು. ತುರುಬು ಕಂಡಿರಬೇಕು. ಎಲ್ವೀರಾ ಬಾಯಿಗೆ ಕೈಯಿಟ್ಟು ನಕ್ಕಳು. ಗೆದ್ದೆವು.

ಅಪ್ಪ ಚೂರುಗಳನ್ನು ಕಾಲಿನಿಂದ ಸರಿಸಿದ ಸದ್ದು.

"ಚೋಯ್‌ಗೆ ಏನಂತ ಹೇಳ್ಲಿ? ಮುಖ ಎಲ್ಲಿಟ್ಕೊಳ್ಲಿ?" ಅಪ್ಪನ ದನಿ ಒಡೆದಿತ್ತು.

"ಲಿಯೊಂಗ್ ಮನೆ ಹೆಣ್ಣು ಅಂತ ತಾನೇ ನೀವು ಮಾತು ಕೊಟ್ಟಿದ್ದು?" ಅಕ್ಕನ ದನಿ ಎಂದಿನಂತೆ ತಣ್ಣಗಿತ್ತು. "ಹೆಣ್ಣು ಒಳಗಿದ್ದಾಳಪ್ಪ. ತಲೆ ಬಾಚಿದ್ದೀನಿ."

ಎಲ್ವೀರಾ ಬಾಗಿಲಿಗೆ ಹಾರಿದಳು. ತಳ್ಳಿದಳು, ಗುದ್ದಿದಳು. "ಅಕ್ಕಾ, ಚಿಲಕ ತೆಗಿ. ಅಕ್ಕಾ." ಆಚೆ ಗಾಡಿಯ ಕುದುರೆ ಕೆನೆಯಿತು.

ಕೈ ಸೋತು ತಿರುಗಿದಾಗ ಮಂಚದ ಕೆಳಗೆ ಕೆಂಪು ಜೋಡು ಕಂಡಿತು. ಅಕ್ಕನ ಅಗಲ ಪಾದದ ಬೆರಳುಗಳೂ ತೂರಲಾರದಷ್ಟು ಕಿರಿದು. ಎಲ್ವೀರಾ ಮೆಲ್ಲನೆ ಕಾಲಿಟ್ಟಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಅಟ್ಟೆ ಕತ್ತರಿಸಿದ್ದು ಮೊದಲನೆಯ ದಿನ. ಉಪಾಯ ಹೊಳೆದದ್ದು ಮೂರನೆಯ ದಿನ.