ಗೇರಿನ ಬುಡದಲ್ಲಿದ್ದ ಘಾಟು

ಈಗಲೂ ಮೆಣಸಿನಕಾಯಿ ಚೀಲ ಬಿಚ್ಚಿದರೆ ಸೀನು ಬರುವ ಮೊದಲೇ ನನಗೆ ನಗು ಬರುತ್ತದೆ.

ಬ್ಯಾಡಗಿ ಪೇಟೆಯಲ್ಲಿ ಅಪ್ಪನದು ಮೆಣಸಿನಕಾಯಿ ವ್ಯಾಪಾರ. ಯಾರೋ ಓಡಿಸಿ ಬಿಟ್ಟ ಕಾರು ಕೊಂಡು, ಹಿಂದಿನ ಸೀಟಿನಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ಚೀಲಗಳನ್ನೇ ಕೂರಿಸುತ್ತಿದ್ದ. ಒಂದು ಭಾನುವಾರ ಮಧ್ಯಾಹ್ನ ರಾಣೆಬೆನ್ನೂರಿನಿಂದ ಕಾರಿನ ಗೇರಿಗೆ ಹೊಸ ಚರ್ಮದ ಕವರನ್ನೂ ಅದರ ತುದಿಗೆ ಬೆಳ್ಳಿಯಂತೆ ಹೊಳೆಯುವ ನಾಬನ್ನೂ ತಂದ. "ನಾಳಿ ಪ್ಯಾಟ್ಯಾಗ ಎಲ್ಲಾರೂ ಬಗ್ಗಿ ಬಗ್ಗಿ ನೋಡಬೇಕು" ಎಂದ.

ಹಳೆಯ ನಾಬನ್ನು ತಿರುಗಿಸಿ ತೆಗೆದು, ಹರಿದ ರೆಕ್ಸಿನ್ ಕವರನ್ನು ಕಿತ್ತ. ಅದರ ಕೆಳಗಿನ ಗುಳಿಯಲ್ಲಿ ವರ್ಷಗಟ್ಟಲೆ ಉದುರಿದ ಮೆಣಸಿನ ಬೀಜ, ಕೆಂಪು ಪುಡಿ ತುಂಬಿತ್ತು. ಸ್ವಚ್ಛ ಮಾಡಲು ಅಪ್ಪ ಬಾಯಿಂದ ಜೋರಾಗಿ ಊದಿದ. ಅಪ್ಪ ಸೀನಿದ, ಪಕ್ಕದ ಸೀಟಿನಲ್ಲಿದ್ದ ನಾನು ಸೀನಿದೆ, ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೂ ಸೀನಿದಳು.

ದೃಷ್ಟಿ ತೆಗೆದ ಮೆಣಸಿನಕಾಯಿ ಒಲೆಯಲ್ಲಿ ಘಾಟು ಬಿಡದಿದ್ದರೆ ದೃಷ್ಟಿ ತಾಗಿದೆ ಎಂದೇ ಅಜ್ಜಿಯ ಲೆಕ್ಕ. ಸೆರಗಿನಿಂದ ಮೂಗು ಒರೆಸಿಕೊಂಡು, "ಇಷ್ಟು ಘಾಟು ಬಂತಂದ್ರ, ನಿನ್ನ ಗಾಡಿ ಮ್ಯಾಲ ಯಾರ ಕಣ್ಣೂ ಬಿದ್ದಿಲ್ಲ ಬಿಡಪಾ" ಎಂದಳು.

ಅಪ್ಪನ ಮುಖ ಸಣ್ಣದಾಯಿತು. "ಇನ್ಮ್ಯಾಲ ಬೀಳ್ತಾವ, ತಡಿಬೇ ಯವ್ವಾ" ಎನ್ನುತ್ತ ಹೊಸ ಕವರಿನ ಅಂಚನ್ನು ಒಳಗೆ ಸಿಕ್ಕಿಸಿದ, ನಾಬು ಬಿಗಿದ, ಅಂಗಿಯ ತುದಿಯಿಂದ ಅದನ್ನು ಒರೆಸಿದ. "ಹೆಂಗೈತಿ?" ಎಂದು ಕೇಳಿದ. ಅಜ್ಜಿ ಕಾರಿನೊಳಗೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಮನೆಯೊಳಗೆ ಹೋದಳು.

ಮರುದಿನ ಅಪ್ಪ ಪೇಟೆಗೆ ಹೊರಟಾಗ ಹೊಳೆಯುವ ನಾಬಿನ ಕುತ್ತಿಗೆಗೆ ಕಪ್ಪು ದಾರ ಕಟ್ಟಿತ್ತು. ಗಂಟು ಅಜ್ಜಿಯದೇ.