ಹಿಂದಿನ ಕೋಣೆಯ ವಿಚಾರಣೆ

ಮುದುಕಿ ಹಾಲಿನ ಡಬ್ಬಿಯನ್ನು ಕೋಟಿನ ಜೇಬಿಗೆ ಇಳಿಸಿದಳು. ಕಾವಲುಗಾರ ಇತ್ತ ತಿರುಗುವವರೆಗೆ ಕಾದಿದ್ದು, ಆಮೇಲೆ ಇಳಿಸಿದಳು.

"ಅಮ್ಮಾ, ಸ್ವಲ್ಪ ಹಿಂದಿನ ಕೋಣೆಗೆ ಬನ್ನಿ," ಎಂದ ಕಾವಲುಗಾರ ವೆರ್ನನ್ ಫ್ರೀಸನ್.

"ಬಂದೆ," ಎಂದು ಆಲ್ಫ್ರೀಡಾ ಹಾಲ್ಕೆಟ್ ಅವನಿಗಿಂತ ಮುಂದೆಯೇ ನಡೆದಳು. ದಾರಿ ಗೊತ್ತಿತ್ತು.

ಮ್ಯಾನೇಜರ್ ಡೋರೀನ್ ಕೌಂಟರಿನಿಂದಲೇ ನೋಡಿ ಹಲ್ಲು ಕಚ್ಚಿದಳು. ಈ ವಾರ ಮತ್ತೆ ಅದೇ ಹೆಂಗಸು. ಕೆನಡಾದ ಈ ಪ್ರಿನ್ಸ್ ಆಲ್ಬರ್ಟಿನಲ್ಲಿ ಮೂಲನಿವಾಸಿ ಕ್ರೀ ಜನ ಅಂಗಡಿಗೆ ಕಾಲಿಟ್ಟರೆ ಕಾವಲುಗಾರರು ಬೆನ್ನು ಹತ್ತುವುದು ಹೊಸದೇನಲ್ಲ. ಆದರೆ ಹೋದ ಚಳಿಗಾಲ ಅದೇ ಕಾರಣಕ್ಕೆ ಒಂದು ಅಂಗಡಿಯ ಹೆಸರು ಪತ್ರಿಕೆಯಲ್ಲಿ ಬಂದಿತ್ತು. ಡೋರೀನಳಿಗೆ ಪತ್ರಿಕೆಯಲ್ಲಿ ಬರುವ ಆಸೆ ಇರಲಿಲ್ಲ.

ವೆರ್ನನ್ ನೋಡಲು ಕ್ರೀಯವನೇ. ಬೆಳೆದದ್ದು ಮಾತ್ರ ಬಿಳಿಯರ ಮನೆಯಲ್ಲಿ, ಅವರ ಗೋಧಿ ಹೊಲದಲ್ಲಿ. ಅಂಥವರು ತಮ್ಮವರ ಮೇಲೆಯೇ ಹೆಚ್ಚು ಗಡುಸು ಎಂಬುದು ಡೋರೀನಳ ಲೆಕ್ಕಾಚಾರ.

ಅವಳು ಹೋಗಿ ಬಾಗಿಲಿಗೆ ಕಿವಿಯಿಟ್ಟಳು.

"ಮನೇಲಿ ಯಾರ್ಯಾರಿದ್ದೀರಿ?" ವೆರ್ನನ್‌ನ ದನಿ.

"ಇಬ್ಬರು ಹೆಣ್ಮಕ್ಕಳು. ಗಂಡ ತೀರಿಕೊಂಡ."

"ಏನಾಗಿತ್ತು?"

"ಎದೆ. ನಕ್ಕರೆ ಕೆಮ್ಮು ಬರೋದು. ಆದ್ರೂ ನಗೋದು ಬಿಡಲಿಲ್ಲ, ಪುಣ್ಯಾತ್ಮ."

"ಕುಡೀತಿದ್ರಾ?"

"ನಾನೇ ಜಾಸ್ತಿ ಕುಡೀತಿದ್ದೆ. ಬಿಟ್ಟು ಬಹಳ ಕಾಲ ಆಯ್ತು."

ಆಮೇಲೆ ಅವನೇ ಕೇಳಿದ: "ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ?"

"ಎಲ್ಲರಿಗೂ ಇದೆ. ನಿನಗೆ?"

"ಹೋದ ವರ್ಷ ಬಂತು."

"ಪಾದ ನೋಡ್ಕೋ. ಗಾಯ ಆದ್ರೆ ಸುಮ್ಮನಿರಬೇಡ."

ಡೋರೀನಳಿಗೆ ತಡೆಯಲಾಗಲಿಲ್ಲ. ಒಂದು ಡಬ್ಬಿ ಹಾಲಿಗೆ ಮನೆತನದ ಕಾಯಿಲೆಯನ್ನೆಲ್ಲ ಕೆದಕುವುದೆ? ಬಾಗಿಲು ತಳ್ಳಿ ಒಳಗೆ ಬಂದಳು. ಮೇಜಿನ ಮೇಲೆ ಡಬ್ಬಿ ಇತ್ತು. ಅದರ ಎರಡು ಕಡೆ ಇಬ್ಬರೂ ಬೆನ್ನು ನೆಟ್ಟಗೆ ಮಾಡಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ವೆರ್ನನ್ ಟೊಪ್ಪಿ ತೆಗೆದಿದ್ದ.

"ಸಾಕು ವೆರ್ನನ್. ಏನು ವಿಚಾರಣೆ ಇದು?"

"ಮುಗೀತು ಮೇಡಂ. ಇವತ್ತಿಗೆ."

ಡೋರೀನ್ ಮುದುಕಿಯ ಕಡೆ ತಿರುಗಿದಳು. "ಕ್ಷಮಿಸಿ. ಇವನು ನಿಮಗೆ ಕಾಟ ಕೊಡ್ತಿದ್ದಾನಾ?"

"ಇಲ್ಲ."

"ಹಾಗಾದ್ರೆ ನೀವ್ಯಾಕೆ ಪ್ರತಿ ಸಲ ಇವನ ಕಣ್ಮುಂದೇನೇ ಕದೀತೀರಿ?"

"ಕರೀಲಿ ಅಂತ."

ಡೋರೀನಳಿಗೆ ಉತ್ತರ ಅರ್ಥವಾಗಲಿಲ್ಲ. "ನಿಮ್ಮಿಬ್ಬರಿಗೂ ಮೊದಲೇ ಪರಿಚಯ ಇದೆಯಾ?"

"ಹೋದ ತಿಂಗಳು ಹೋಟೆಲಲ್ಲಿ ಒಂದ್ಸಲ ಎದುರುಬದುರು ಕೂತಿದ್ವಿ," ಎಂದಳು ಆಲ್ಫ್ರೀಡಾ. "ಕಾಫಿ ಆರಿಹೋಯ್ತು, ಇಬ್ಬರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. ಎದ್ದು ಹೋದ್ವಿ. ಈ ಕೋಣೇಲಾದ್ರೆ ಪರವಾಗಿಲ್ಲ. ಕೇಳೋದು ಅವನ ಕೆಲಸ. ಹೇಳಲೇಬೇಕಾದೋಳು ನಾನು."

ವೆರ್ನನ್ ಟೊಪ್ಪಿಯ ಅಂಚನ್ನೇ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ತಪ್ಪಿತಸ್ಥನ ಮುಖ ಹೀಗೇ ಇರುತ್ತದೆ ಎಂದು ಡೋರೀನ್ ತೀರ್ಮಾನಿಸಿದಳು. ತನಗೆ ತಾನು ನ್ಯಾಯವಂತೆಯೆಂದೂ ಅನ್ನಿಸಿತು.

"ಇನ್ಮೇಲೆ ನಿಮಗೆ ಈ ತೊಂದರೆ ಇರಲ್ಲ," ಎಂದಳು. "ಸೋಮವಾರದಿಂದ ಇವನನ್ನ ಬೇರೆ ಊರಿನ ಅಂಗಡಿಗೆ ಕಳಿಸ್ತೀನಿ. ಮತ್ತೆ ನಿಮ್ಮ ಕಣ್ಣಿಗೇ ಬೀಳಲ್ಲ."

ಆಲ್ಫ್ರೀಡಾ ಎದ್ದು ನಿಂತಳು. ಮೊದಲ ಸಲ ಮೇಜಿನಾಚೆ ಕೈ ಚಾಚಿ ವೆರ್ನನ್‌ನ ತೋಳು ಹಿಡಿದಳು.

"ಬೇಡ ಮೇಡಂ. ಮೂರು ವರ್ಷದವನಿದ್ದಾಗ ಸರ್ಕಾರದವರೂ ನನ್ನ ಈ ಮಗನ್ನ ಕಿತ್ಕೊಂಡು ಬೇರೆ ಊರಿಗೇ ಕಳಿಸಿದ್ರು. ಹುಡುಕ್ತಾ ಹುಡುಕ್ತಾ ಮುದುಕಿಯಾದೆ. ಇನ್ನೊಂದ್ಸಲ ನನ್ನ ಕೈಲಾಗಲ್ಲ."